ಮಂಡ್ಯದಿಂದ ಶನಿವಾರ-ಭಾನುವಾರ ಎರಡೇ ದಿನದಲ್ಲಿ ಊಟಿಗೆ ಹೋಗಿ ಬರಬಹುದಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಎಪ್ಪತ್ತು ದಾಟಿದ ತಂದೆ, ಅವರಿಗೆ ಮಂಡಿ ನೋವು. ತಾಯಿ, ಹೆಂಡತಿ, ಎಂಟು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಸ್ವಂತ ಕಾರು. ಶುಕ್ರವಾರ ಕೆಲಸ ಮುಗಿಸಿ ಸಂಜೆಯೇ ಮಂಡ್ಯ ಬಿಡಬೇಕು, ಭಾನುವಾರ ರಾತ್ರಿ ಎಷ್ಟು ಹೊತ್ತಾದರೂ ಸರಿ ಮನೆ ಸೇರಬೇಕು. ನಡುವೆ ಸ್ನೇಹಿತರು ಬರೆದುಕೊಟ್ಟ ಹದಿನಾಲ್ಕು ಜಾಗ ನೋಡಬೇಕು. ಇದು ಆಗುತ್ತಾ ಅಂತ ಕೇಳಿದ್ದೀರಿ.

ಹೋಗಿ ಬರಬಹುದು, ಆದರೆ ಹದಿನಾಲ್ಕು ಜಾಗ ಆಗುವುದಿಲ್ಲ. ಶುಕ್ರವಾರ ಸಂಜೆ ಹೊರಡುವುದು ಬೇಡ. ಭಾನುವಾರ 'ಎಷ್ಟು ಹೊತ್ತಾದರೂ ಸರಿ' ಅನ್ನುವುದಂತೂ ಬೇಡವೇ ಬೇಡ. ನಾನು ಮಂಡ್ಯದಲ್ಲಿ ಹುಟ್ಟಿ ಮೈಸೂರಿಗೆ ಮದುವೆಯಾಗಿ ಬಂದವಳು. ಈ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದೇನೆ. ನಮ್ಮ ಕಡೆಯಿಂದ ಊಟಿಗೆ ಹೋಗುವವರು ಮೊದಲು ನೋಡಬೇಕಾದದ್ದು ಬಂಡೀಪುರದ ಗೇಟಿನ ಸಮಯ. ಮಿಕ್ಕಿದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ರಾತ್ರಿ ಹೊತ್ತು ಗಾಡಿಗಳಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆ ಮರಿಗಳು ಸಾಯುತ್ತಿದ್ದವು ಅಂತ 2009ರಲ್ಲಿ ಈ ನಿಯಮ ತಂದರು, 2010ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ದಾರಿ ಉಂಟು. ಗೇಟಿನವರ ಹತ್ತಿರ ಎಷ್ಟು ಬೇಡಿಕೊಂಡರೂ ಬಿಡುವುದಿಲ್ಲ, ಬಿಡಲೂಬಾರದು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಭಾನುವಾರ ಊಟಿ-ಗೂಡಲೂರು ದಾರಿಯ ಪೈಕಾರ ಕೆರೆಯಲ್ಲಿ ದೋಣಿಗೆ ಸಾಲು ನಿಂತು, ಆಮೇಲೆ ಚಾಕೊಲೇಟ್ ಅಂಗಡಿಯಲ್ಲಿ ಹೊತ್ತು ಕಳೆದು, ಗೂಡಲೂರು ಕಡೆಯಿಂದ ಕಾಡಿಗೆ ಬರುವಾಗ ಸಿಗುವ ತೊರಪಳ್ಳಿ ಚೆಕ್‌ಪೋಸ್ಟ್ ತಲುಪಿದಾಗ 9 ದಾಟಿ ಹತ್ತು ನಿಮಿಷವಾಗಿತ್ತು. ಎರಡು ವರ್ಷದ ಮಗಳಿಗೆ ಜ್ವರ ಬೇರೆ. ಅಪ್ಪನ ಬಿಪಿ ಮಾತ್ರೆ ಮುಗಿದಿತ್ತು. ವಾಪಸ್ ಗೂಡಲೂರಿಗೆ ಬಂದು ನಾಲ್ಕು ಲಾಡ್ಜ್ ಬಾಗಿಲು ತಟ್ಟಿದ ಮೇಲೆ ಒಂದು ರೂಮು ಸಿಕ್ಕಿತು. ಸೋಮವಾರ ಯಜಮಾನರು ಕೆಲಸಕ್ಕೆ ರಜೆ ಹಾಕಿದರು. ಅವತ್ತು ರಾತ್ರಿ ಅಪ್ಪ ಒಂದು ಮಾತೂ ಆಡಲಿಲ್ಲ. ಆ ಮೌನ ಈಗಲೂ ನನಗೆ ನೆನಪಿದೆ.

ಹಾಗಾಗಿ ಶನಿವಾರ ಬೆಳಿಗ್ಗೆ 5ಕ್ಕೆ ಮಂಡ್ಯ ಬಿಡಿ. ಮೈಸೂರಿನ ಊರೊಳಗೆ ಹೋಗದೆ ರಿಂಗ್ ರಸ್ತೆ ಹಿಡಿದು ನಂಜನಗೂಡು ರಸ್ತೆಗೆ ಇಳಿಯಿರಿ. ನಂಜನಗೂಡಿನಲ್ಲಿ ತಿಂಡಿ. ಮಕ್ಕಳಿಗೆ ಎರಡು ಇಡ್ಲಿ ಸಾಕು. ಪೂರಿ, ಮಸಾಲೆ ದೋಸೆ, ಹೊಟ್ಟೆ ತುಂಬ ಹಾಲು, ಇದ್ಯಾವುದೂ ಬೇಡ. ಘಾಟಿಯ ಮೂರನೇ ತಿರುವಿನಲ್ಲಿ ಎಲ್ಲ ಹೊರಗೆ ಬರುತ್ತದೆ. ಫೋನು, ಪುಸ್ತಕ ನೋಡುತ್ತಾ ಕೂತರೆ ವಾಂತಿ ಇನ್ನೂ ಜಾಸ್ತಿ. ಮಾತ್ರೆ ಕೊಡುವುದಾದರೆ ನಾಲ್ಕು ವರ್ಷದ ಮಗುವಿಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಗುಂಡ್ಲುಪೇಟೆಯಲ್ಲಿ ಪೆಟ್ರೋಲ್ ತುಂಬಿಸಿ, ಎಲ್ಲರೂ ಶೌಚಾಲಯಕ್ಕೆ ಹೋಗಿಬನ್ನಿ. ಮುಂದೆ ಕಾಡಿನಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಮೇಲುಕಾಮನಹಳ್ಳಿ ಗೇಟು ದಾಟಿದ ಮೇಲೆ ಕಿಟಕಿಯಿಂದ ಮಂಗಕ್ಕೆ ಬಿಸ್ಕತ್ತು ಎಸೆಯುವುದು, ಆನೆ ಕಂಡಾಗ ಇಳಿದು ಫೋಟೋ ತೆಗೆಯುವುದು ಎರಡೂ ತಪ್ಪು. ಮಕ್ಕಳಿಗೆ ಹೊರಡುವ ಮುಂಚೆಯೇ ಹೇಳಿಕೊಡಿ. ನಿಧಾನಕ್ಕೆ ಓಡಿಸಿದರೆ ಜಿಂಕೆ, ನವಿಲು ಕಂಡೇ ಕಾಣುತ್ತವೆ.

ಕರ್ನಾಟಕದ ಗಡಿ ಮುಗಿಯುವುದು ಕೆಕ್ಕನಹಳ್ಳದಲ್ಲಿ. ಅಲ್ಲಿ ತಮಿಳುನಾಡಿನವರು ಇ-ಪಾಸ್ ಕೇಳುತ್ತಾರೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಮತ್ತು ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಪಾಸ್ ಬೇಕು. 2025ರ ಏಪ್ರಿಲ್‌ನಲ್ಲಿ ಬೇಸಿಗೆ ರಜೆಯ ಜನಕ್ಕಾಗಿ ಮಿತಿಯನ್ನೂ ಹಾಕಿದರು. ನೀಲಗಿರಿಗೆ ವಾರದ ದಿನ 6,000, ಶನಿವಾರ-ಭಾನುವಾರ 8,000 ವಾಹನ ಅಂತ. ಪಾಸ್‌ಗೆ ದುಡ್ಡಿಲ್ಲ. ಗಾಡಿ ನಂಬರು, ಎಷ್ಟು ಜನ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ ಅಂತ ತುಂಬಿಸಿದರೆ ಬರುತ್ತದೆ. ಮನೆಯಲ್ಲೇ ಮಾಡಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಗಡಿಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಿಂತರೆ ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ. ಮೈಸೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ಪಾಸ್ ಬೇಡ. ನೀಲಗಿರಿಗೆ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವಂತಿಲ್ಲ, ಚೆಕ್‌ಪೋಸ್ಟಿನಲ್ಲಿ ಬ್ಯಾಗು ತೆಗೆಸಿ ನೋಡುತ್ತಾರೆ. ಸ್ಟೀಲ್ ಬಾಟಲಿಗಳಲ್ಲಿ ನೀರು ತುಂಬಿಸಿಕೊಳ್ಳಿ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಹಟ್ಟಿ ಘಾಟಿ. ನೇರ ಹೋದರೆ ಗೂಡಲೂರು. ಮಸಿನಗುಡಿ ದಾರಿಯಲ್ಲಿ ಮೈಸೂರಿನಿಂದ ಊಟಿ ಸುಮಾರು 125 ಕಿಲೋಮೀಟರ್, ಗೂಡಲೂರಿನ ಮೇಲೆ ಹೋದರೆ ಮೂವತ್ತು ಕಿಲೋಮೀಟರಿನಷ್ಟು ಜಾಸ್ತಿ. ಮ್ಯಾಪ್ ನಿಮಗೆ ಹತ್ತಿರದ್ದನ್ನೇ ತೋರಿಸುತ್ತದೆ. ಆ ಮಾತು ಕೇಳಬೇಡಿ. ಕಲ್ಹಟ್ಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಏರು ಎಷ್ಟು ಕಡಿದು ಅಂದರೆ ತುಂಬಿದ ಕಾರು ಮೊದಲ ಗೇರಿನಲ್ಲೇ ಹತ್ತಬೇಕಾಗುತ್ತದೆ. ಬ್ರೇಕ್ ಕಾದು ಕೈಕೊಟ್ಟು ಅಲ್ಲಿ ಎಷ್ಟೋ ಅಪಘಾತಗಳಾಗಿವೆ. ಅದಕ್ಕೇ ಹೊರಗಿನ ಪ್ರವಾಸಿ ಗಾಡಿಗಳನ್ನು ಆ ದಾರಿಯಲ್ಲಿ ಕೆಳಗೆ ಇಳಿಯಲು ಬಿಡುವುದಿಲ್ಲ. ಘಾಟಿ ಓಡಿಸಿ ಅಭ್ಯಾಸವಿಲ್ಲ ಅಂತ ನೀವೇ ಬರೆದಿದ್ದೀರಿ. ಆರು ಜನ, ಲಗೇಜು ಬೇರೆ. ಹೋಗುವಾಗಲೂ ಬರುವಾಗಲೂ ಗೂಡಲೂರು ದಾರಿಯೇ ಸರಿ.

ಇಳಿಯುವಾಗ ಒಂದು ವಿಷಯ ಮರೆಯಬೇಡಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಆರಲು ಬಿಡಿ. ಕಿರಿದಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡುವುದು ಘಾಟಿಯ ಪದ್ಧತಿ.

ಗೂಡಲೂರು ದಾಟಿದ ಮೇಲೆ ನಡುವಟ್ಟಂ ಸುತ್ತ ಟೀ ತೋಟಗಳು ಶುರುವಾಗುತ್ತವೆ. ಅಲ್ಲಿಂದ ಪೈಕಾರ. ಮಕ್ಕಳಿಗೆ ದೋಣಿ ಬೇಕೇ ಬೇಕು ಅಂದರೆ ಶನಿವಾರ ಹೋಗುವಾಗಲೇ ಇಲ್ಲಿ ಮುಗಿಸಿ. ಊಟಿ ಕೆರೆಯ ಜನಜಂಗುಳಿಗಿಂತ ಪೈಕಾರದ ನೀರು ನನಗೆ ಎಷ್ಟೋ ಪಾಲು ಇಷ್ಟ. ಊಟಿಗೆ ಮಧ್ಯಾಹ್ನ ಸೇರುತ್ತೀರಿ. ಊಟ ಮಾಡಿ ತಂದೆ ತಾಯಿಗೆ ಎರಡು ಗಂಟೆ ಮಲಗಲು ಬಿಡಿ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಮಂಡ್ಯದವರಿಗೆ ಒಂದೇ ದಿನದಲ್ಲಿ ಅದು ದೊಡ್ಡ ಬದಲಾವಣೆ. ಸಂಜೆ ಬೊಟಾನಿಕಲ್ ಗಾರ್ಡನ್ ಒಂದೇ ಸಾಕು. 1848ರಲ್ಲಿ ಶುರುವಾದ ತೋಟ, ಇಳಿಜಾರಿನಲ್ಲಿದೆ. ನಿಮ್ಮ ತಂದೆ ಕೆಳಗಿನ ಹುಲ್ಲುಹಾಸಿನ ಹತ್ತಿರ ಬೆಂಚಿನ ಮೇಲೆ ಕೂರಲಿ, ಮೇಲಕ್ಕೆ ಹತ್ತಿಸಬೇಡಿ. ಜನ ತೀರಾ ಜಾಸ್ತಿ ಇದ್ದರೆ ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕ ಸರ್ಕಾರದ್ದೇ ತೋಟಗಾರಿಕೆ ಉದ್ಯಾನ ಇದೆ, ಅಲ್ಲಿಗೆ ಹೋಗಿ.

ರೂಮು ಬುಕ್ ಮಾಡುವಾಗ ಫೋಟೋ ನೋಡಿ ಮರುಳಾಗಬೇಡಿ, ಫೋನ್ ಮಾಡಿ ಕೇಳಿ. ಕಾರು ನಿಲ್ಲಿಸುವ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ? ಹೊದಿಕೆ ಎಷ್ಟು ಕೊಡುತ್ತೀರಿ? ಒಂದು ಸಲ ನಾವು 'ನೆಲಮಹಡಿ ರೂಮು' ಅಂತ ಒಪ್ಪಿಸಿಕೊಂಡು ಹೋದ ಕಡೆ ರಸ್ತೆಯಿಂದ ನಲವತ್ತು ಮೆಟ್ಟಿಲು ಕೆಳಗಿಳಿಯಬೇಕಿತ್ತು. ಬೆಟ್ಟದ ಊರಿನಲ್ಲಿ ನೆಲಮಹಡಿ ಅಂದರೆ ರಸ್ತೆಯ ಮಟ್ಟ ಅಂತ ಅರ್ಥವಲ್ಲ. ಅಮ್ಮ ಆ ಎರಡು ದಿನ ರೂಮು ಬಿಟ್ಟು ಹೊರಗೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ರೈಲು. ಹದಿನಾಲ್ಕರಲ್ಲಿ ಒಂದೇ ಒಂದು ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್ ಹಳಿ, 16 ಸುರಂಗ, 208 ತಿರುವು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿವರೆಗೆ ಬಂತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಲ್ಲುಗಾಲಿ ಕಚ್ಚಿಕೊಂಡು ಹತ್ತುವ ಹಳಿ ಇರುವುದು ಕೂನೂರಿನ ಕೆಳಗೆ, ಕಲ್ಲಾರಿನವರೆಗೆ. ನಮ್ಮ ಕಡೆಯಿಂದ ಹೋದವರಿಗೆ ಎರಡು ದಿನದಲ್ಲಿ ಅದು ಸಿಗುವುದಿಲ್ಲ. ಊಟಿಯಿಂದ ಕೂನೂರಿಗೆ ಒಂದು ಗಂಟೆ ಚಿಲ್ಲರೆ, ಮಕ್ಕಳಿಗೆ ಅಷ್ಟು ಸಾಕು. ಸೀಟು ಬಹಳ ಬೇಗ ಮುಗಿಯುತ್ತದೆ, ಹಾಗಾಗಿ ರೂಮಿಗಿಂತ ಮೊದಲು ರೈಲಿನ ಟಿಕೆಟ್ ನೋಡಿ. ಅದು ಸಿಕ್ಕ ವಾರವೇ ಹೊರಡಿ. ಐದು ಜನ ರೈಲು ಹತ್ತಲಿ, ನೀವು ಕಾರು ತೆಗೆದುಕೊಂಡು ಕೂನೂರು ಸ್ಟೇಷನ್ನಿಗೆ ಬನ್ನಿ. ನಮ್ಮಲ್ಲಿ ಪ್ರತಿ ಸಲ ಯಜಮಾನರೇ ಕಾರಿನಲ್ಲಿ ಬರುತ್ತಾರೆ. ಒಂದು ಸಲ ನಾನು ಕಾರು ಓಡಿಸಿ ಅವರನ್ನು ರೈಲಿಗೆ ಹತ್ತಿಸಿದೆ. ಮಕ್ಕಳಿಗಿಂತ ಅವರೇ ಜಾಸ್ತಿ ಕಿಟಕಿ ಬಿಡಲಿಲ್ಲವಂತೆ.

ಆ ರೈಲಿನಲ್ಲಿ ಲವ್‌ಡೇಲ್ ಆದ ಮೇಲೆ ಕೇತಿ ಬರುತ್ತದೆ. ಕೆಳಗೆ ಕಣಿವೆಯಲ್ಲಿ ಸಾಲು ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಎಲೆಕೋಸಿನ ಹೊಲಗಳು. ಅವು ನೀಲಗಿರಿಯ ಬಡಗ ಸಮುದಾಯದವರ ಊರುಗಳು. ಊರಿಗೆ ಅವರು ಹಟ್ಟಿ ಅನ್ನುತ್ತಾರೆ. ಬಡಗು ಅಂದರೆ ಉತ್ತರ, ಅಲ್ವಾ? ಉತ್ತರದಿಂದ, ನಮ್ಮ ಮೈಸೂರು ಸೀಮೆಯಿಂದ ಹೋದವರು ಅಂತ ಅವರ ಹಿರಿಯರೇ ಹೇಳಿಕೊಳ್ಳುತ್ತಾರೆ. ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರ. ನಮ್ಮಪ್ಪ ಪಾಂಡವಪುರದ ಕಡೆಯ ರೈತ. ಕೂನೂರಿನ ಒಂದು ಟೀ ಅಂಗಡಿಯಲ್ಲಿ ಬಿಳಿ ಮುಂಡು ಹೊದ್ದ ಅಜ್ಜಿಯೊಬ್ಬರ ಪಕ್ಕ ಕೂತು, ಅವರು ಬಡಗ ಮಾತಿನಲ್ಲಿ, ಇವರು ಕನ್ನಡದಲ್ಲಿ, ಮುಕ್ಕಾಲು ಗಂಟೆ ಆಲೂಗೆಡ್ಡೆ ಬೆಲೆ, ಮಳೆ, ಮೊಮ್ಮಕ್ಕಳ ಬಗ್ಗೆ ಮಾತಾಡಿದರು. ನಡುವೆ ಒಂದೆರಡು ಪದ ಬಿಟ್ಟರೆ ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. 'ಇವರು ನಮ್ಮೋರೇ ಕಣವ್ವಾ' ಅಂತ ಅಪ್ಪ ದಾರಿಯುದ್ದಕ್ಕೂ ಹೇಳಿದರು. ದೊಡ್ಡಬೆಟ್ಟ, ಕಲ್ಹಟ್ಟಿ, ಮಸಿನಗುಡಿ, ತೆಪ್ಪಕಾಡು, ಹೆಸರು ಕೇಳಿದರೆ ನಮ್ಮ ಮನೆಯದೇ ಅನ್ನಿಸುವುದಿಲ್ಲವಾ? ನಿಮ್ಮ ತಂದೆಗೆ ಹದಿನಾಲ್ಕು ವ್ಯೂ ಪಾಯಿಂಟ್‌ಗಿಂತ ಇಂಥ ಒಂದು ಮಾತುಕತೆಗೆ ಹೊತ್ತು ಉಳಿಸಿ. ಆ ಪ್ರವಾಸದಲ್ಲಿ ನಾವು ನೋಡಿದ ಜಾಗಗಳೆಲ್ಲ ಅಪ್ಪನಿಗೆ ಮರೆತುಹೋಗಿವೆ. ಆ ಅಜ್ಜಿ ನೆನಪಿದ್ದಾರೆ.

ಕೂನೂರಿನಲ್ಲಿ ಸಿಮ್ಸ್ ಪಾರ್ಕ್ ನೋಡಿ. ನೆರಳಿದೆ, ಮಕ್ಕಳು ಓಡಾಡಬಹುದು. ಡಾಲ್ಫಿನ್ಸ್ ನೋಸ್, ಲ್ಯಾಂಬ್ಸ್ ರಾಕ್ ಬಿಡಿ. ದೊಡ್ಡಬೆಟ್ಟವೂ ಈ ಸಲ ಬೇಡ. 2,637 ಮೀಟರ್ ಎತ್ತರದ ತುದಿ, ಚಂದ ಇದೆ. ಆದರೆ ರಜಾದಿನ ಗಾಡಿಗಳ ಸಾಲು ಸಾಲು, ಹತ್ತಿದ ಮೇಲೆ ಮಂಜು ಮುಚ್ಚಿದರೆ ಏನೂ ಕಾಣುವುದಿಲ್ಲ. ಕೂನೂರಿನಿಂದ 12ಕ್ಕೆ ಹೊರಡಿ. ಊಟಿಯಲ್ಲಿ ಊಟ, ಬೇಕಿದ್ದರೆ ವರ್ಕಿ ಅನ್ನುವ ಊಟಿಯ ಗರಿಗರಿ ಬಿಸ್ಕತ್ತು, ನೀಲಗಿರಿ ಎಣ್ಣೆ ಕೊಂಡುಕೊಳ್ಳಿ. 2ಕ್ಕೆ ಊಟಿ ಬಿಟ್ಟರೆ 6ರ ಸುಮಾರಿಗೆ, ಬೆಳಕಿರುವಾಗಲೇ ಬಂಡೀಪುರ ದಾಟುತ್ತೀರಿ. ಟ್ರಾಫಿಕ್ಕು, ಪಂಕ್ಚರು, ವಾಂತಿ ಎಲ್ಲಕ್ಕೂ ಸೇರಿ ಕೈಯಲ್ಲಿ ಮೂರು ಗಂಟೆ ಉಳಿದಿರುತ್ತದೆ.

ಯಾವ ತಿಂಗಳು ಅಂತಲೂ ಕೇಳಿದ್ದೀರಿ. ಏಪ್ರಿಲ್-ಮೇ ಬೇಡ. ಮೇನಲ್ಲಿ ಹೂವಿನ ಪ್ರದರ್ಶನ ಇರುತ್ತದೆ ನಿಜ, ಆದರೆ ಜನ ತಡೆಯಲಾಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಗೂಡಲೂರಿನ ಕಡೆಯೇ ಜೋರು, ನಿಮ್ಮ ದಾರಿ ಅದೇ. ಅಕ್ಟೋಬರ್-ನವೆಂಬರ್‌ನ ಹಿಂಗಾರು ಕೂನೂರಿನ ಕಡೆ ಹೊಡೆಯುತ್ತದೆ, ಗುಡ್ಡ ಕುಸಿದು ರೈಲು ನಿಲ್ಲಿಸುವುದೂ ಉಂಟು. ಫೆಬ್ರವರಿ ನನಗೆ ಸರಿ ಅನ್ನಿಸುತ್ತದೆ. ಬೆಳಗಿನ ಚಳಿ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ನೆಲದ ಮೇಲೆ ಹಿಮ ಕೂರುವಷ್ಟು ಚಳಿ, ಮಂಡಿ ನೋವಿನವರಿಗೆ ಕಷ್ಟ.

ರೈಲಿನ ಟಿಕೆಟ್ಟಾಗಲಿ ಪಾಸಾಗಲಿ ಸಿಗದೇ ಹೋದರೆ ಆ ವಾರ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ. ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾರಿ, ಮೈಸೂರಿಗೂ ಬರಬೇಕಿಲ್ಲ. ಅದೂ ಹುಲಿ ಸಂರಕ್ಷಿತ ಕಾಡು, ಕತ್ತಲಾಗುವ ಮುಂಚೆ ಗೇಟು ಮುಚ್ಚುತ್ತಾರೆ, ಬೇಗ ಹೊರಡಿ. ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ, ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ, ಸುತ್ತ ಕಾಫಿ ಗಿಡಗಳು. ಅಲ್ಲಿಗೆ ನೀವು ಶನಿವಾರ ಹೋಗಿ ಶನಿವಾರವೇ ವಾಪಸ್ ಬರಬಹುದು.