ಡಿಜಿಟಾಕ್ಟ್ ರೀಸೆಟ್: ಸೇವ್ ಮಾಡಿಯೇ ಮುಂದುವರಿಯಿರಿ

ಹೊಸ ಓಎಸ್ ಹಾಕಿದ ಮೇಲೆ ಡಿಜಿಟಾಕ್ಟ್ (ಎಲೆಕ್ಟ್ರಾನ್ ಕಂಪನಿಯ ಡ್ರಮ್ ಮಷಿನ್, ಸ್ಯಾಂಪ್ಲರ್) ವಿಚಿತ್ರವಾಗಿ ಆಡುತ್ತಿದೆ, ರೀಸೆಟ್ ಮಾಡಿದರೆ ಎಲ್ಲಾ ಹೋಗುತ್ತಾ ಅಂತ ಕೇಳಿದ್ದೀರಿ. ಎಲ್ಲಾ ಹೋಗಲ್ಲ, ಆದರೆ ಸ್ವಲ್ಪ ಹೋಗುತ್ತೆ.

ಮೊದಲು ಸುಮ್ನೆ ಹೊಸ ಖಾಲಿ ಪ್ರಾಜೆಕ್ಟ್ ತೆರೆದು ನೋಡಿ. ಡಿಜಿಟಾಕ್ಟ್‌ನಲ್ಲಿ ಸೆಟ್ಟಿಂಗ್‌ಗಳೂ ಪ್ರಾಜೆಕ್ಟ್ ಒಳಗೇ ಉಳಿಯುತ್ತವೆ. ಖಾಲಿ ಪ್ರಾಜೆಕ್ಟ್ ಸರಿಯಾಗಿ ನಡೆದರೆ ತೊಂದರೆ ಹಳೆಯ ಪ್ರಾಜೆಕ್ಟ್‌ನದು, ರೀಸೆಟ್ ಬೇಕಾಗಿಯೇ ಇಲ್ಲ.

ಆಗಲೂ ಸರಿ ಹೋಗದಿದ್ದರೆ ಆಫ್ ಮಾಡಿ, ಫಂಕ್ಷನ್ ಬಟನ್ ಒತ್ತಿ ಹಿಡಿದೇ ಆನ್ ಮಾಡಿ. ಸ್ಟಾರ್ಟಪ್ ಮೆನು ಬರುತ್ತದೆ. ಮೂರನೇ ಟ್ರಿಗ್ ಕೀ (ಬೀಟ್ ಹಾಕುವ 16 ಬಟನ್‌ಗಳಲ್ಲಿ ಮೂರನೆಯದು) ಒತ್ತಿದರೆ ಫ್ಯಾಕ್ಟರಿ ರೀಸೆಟ್. ಎರಡನೆಯದು ಎಂಪ್ಟಿ ರೀಸೆಟ್, ಅಂದರೆ ತೆರೆದಿರುವ ಪ್ರಾಜೆಕ್ಟನ್ನು ಖಾಲಿ ಮಾಡುವುದು, ಅವಸರದಲ್ಲಿ ಬೆರಳು ಜಾರದಿರಲಿ!

ಫ್ಯಾಕ್ಟರಿ ರೀಸೆಟ್ ಈಗ ತೆರೆದಿರುವ ಪ್ರಾಜೆಕ್ಟನ್ನು ಅಳಿಸುತ್ತದೆ. ಪ್ಲಸ್ ಡ್ರೈವ್‌ನ (ಯಂತ್ರದೊಳಗಿನ ಸಂಗ್ರಹ) 1ನೇ ಪ್ರಾಜೆಕ್ಟ್ ಸ್ಲಾಟ್ ಮತ್ತು ಸೌಂಡ್ ಬ್ಯಾಂಕ್ ಎ ಮೇಲೆ ಕಂಪನಿಯ ಮಾಲು ಬಂದು ಕೂರುತ್ತದೆ. ಹಾಗಾಗಿ ಕೆಲಸವನ್ನು 2 ಅಥವಾ ಅದಕ್ಕಿಂತ ಮೇಲಿನ ಸ್ಲಾಟ್‌ಗೆ ಸೇವ್ ಮಾಡಿ. ನಾನು 1ರಲ್ಲೇ ಬಿಟ್ಟು ಮೂರು ವಾರದ ಬೀಟ್ಸ್ ಕಳೆದುಕೊಂಡವನು, ತಪ್ಪು ನನ್ನದೇ. ಸ್ಯಾಂಪಲ್‌ಗಳನ್ನೂ ಎಲೆಕ್ಟ್ರಾನ್‌ನ ಟ್ರಾನ್ಸ್‌ಫರ್ ಆಪ್‌ನಿಂದ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಹೊತ್ತು ಹಿಡಿಯುತ್ತೆ, ಕಾಫಿ ಮಾಡಿಕೊಳ್ಳಿ.