ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಮಲೆನಾಡಿನ ಅಡಿಕೆ ತೋಟದವರು ಯಾವ ಮಾಹಿತಿ ನೋಡಬೇಕು?

ಬೆಂಗಳೂರಿನಲ್ಲಿ ಕೂತು ತೀರ್ಥಹಳ್ಳಿಯ ಮನೆಗೆ ಫೋನ್ ಮಾಡಿ "ಚಂಡಮಾರುತವಂತೆ, ಅಡಿಕೆ ಬೇಯಿಸಬೇಡಿ" ಅನ್ನುವ ಮೊದಲು ಏನು ನೋಡಬೇಕು ಎಂದು ಕೇಳಿದ್ದೀರಿ. ನಾನು ಹೊಸನಗರ ಕಡೆಯ ತೋಟದವನು, ಹವಾಮಾನ ಶಾಸ್ತ್ರ ಓದಿದವನಲ್ಲ. ಆದರೂ ಹೇಳುತ್ತೇನೆ: ಅದು ಎಲ್ಲಿ ದಡ ಹತ್ತುತ್ತದೆ ಅನ್ನುವುದನ್ನು ಟಿವಿಯವರಿಗೆ ಬಿಡಿ. ಗಾಳಿ ಯಾವ ದಿಕ್ಕಿನಿಂದ ಘಟ್ಟಕ್ಕೆ ಬಡಿಯುತ್ತದೆ, ಅದನ್ನು ನೋಡಿ.

ನಮ್ಮ ಕಡೆ ಚಂಡಮಾರುತ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಅದು ನಮಗೆ ವಾಯವ್ಯದ ಸಮುದ್ರದಲ್ಲಿದ್ದರೆ ಒದ್ದೆ ಗಾಳಿ ನೈಋತ್ಯದಿಂದ ಬಂದು ಗುಡ್ಡ ಹತ್ತುತ್ತದೆ, ತಣಿಯುತ್ತದೆ, ಸುರಿಯುತ್ತದೆ. 2021ರ ಮೇ ತಿಂಗಳ ತೌಕ್ತೆ ಹೀಗೆಯೇ. ಲಕ್ಷದ್ವೀಪದ ಹತ್ತಿರ ಹುಟ್ಟಿ, ನಮ್ಮ ಕರಾವಳಿಯ ಪಕ್ಕದಲ್ಲೇ ಬಡಗಕ್ಕೆ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತಿತು. ದಡ ಹತ್ತುವ ಮೊದಲೇ ನಮ್ಮ ಕಡೆ ಮಳೆ ಹೊಡೆದಿತ್ತು. 2023ರ ಜೂನಿನ ಬಿಪರ್‌ಜಾಯ್ ಸಹ ಗುಜರಾತಿಗೇ ಹೋದದ್ದು, ಆದರೆ ಅದು ದೂರದಲ್ಲೇ ಉಳಿದು ಮುಂಗಾರಿನ ತೇವವನ್ನೂ ತನ್ನ ಕಡೆ ಎಳೆದುಕೊಂಡಿತು. ಕೇರಳಕ್ಕೆ ಜೂನ್ 1ಕ್ಕೆ ಬರಬೇಕಾದ ಮಳೆ 8ಕ್ಕೆ ಬಂತು. ಹೋಗಿ ಮುಟ್ಟಿದ ರಾಜ್ಯ ಒಂದೇ, ನಮ್ಮ ಪಾಲಿನ ಫಲ ಪೂರ್ತಿ ತಿರುಗುಮುರುಗು.

ನಿಮ್ಮ ಅಪ್ಪ-ಅಮ್ಮನಿಗೆ ಹೆಚ್ಚು ತಾಪತ್ರಯ ಕೊಡುವುದು ಮಾತ್ರ ಅರಬ್ಬಿ ಸಮುದ್ರದ್ದಲ್ಲ, ಬಂಗಾಳ ಕೊಲ್ಲಿಯದು. 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ಹತ್ತಿದ ಫೆಂಗಲ್, ಗಾಳಿಯ ಬಲ ಕಳೆದುಕೊಂಡು ಬರೀ ಮೋಡ-ಮಳೆಯಾಗಿ ಇತ್ತ ಬಂತು. ಅಷ್ಟರಲ್ಲಿ ಟಿವಿಯಲ್ಲಿ ಆ ಸುದ್ದಿಯೇ ಮುಗಿದಿತ್ತು. ನಮಗೋ ಅದು ಅಂಗಳದ ತುಂಬ ಅಡಿಕೆ ಹರವಿದ ಕಾಲ.

ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳನ್ನೂ ಸ್ವಲ್ಪ ಎಚ್ಚರದಿಂದ ಓದಬೇಕು. ದಿನದ ಮಳೆ 64.5 ಮಿ.ಮೀ. ದಾಟಿದರೆ ಹಳದಿ, 115.6ರಿಂದ ಕಿತ್ತಳೆ, 204.4 ಮೀರಿದರೆ ಕೆಂಪು, ಹೆಚ್ಚುಕಮ್ಮಿ ಇದು ಲೆಕ್ಕ. ಹಸಿರು ಎಂದರೆ ಎಚ್ಚರಿಕೆ ಇಲ್ಲ ಅಂತ, ಮಳೆ ಇಲ್ಲ ಅಂತಲ್ಲ ಮಾರಾಯ್ರೇ! ಬೇಯಿಸಿ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಬಣ್ಣದ ರಸ) ಹಾಕಿದ ಅಡಿಕೆಗೆ ಎರಡು ದಿನ ಬಿಸಿಲು ಕಾಣದೆ ಜಿಟಿಜಿಟಿ ಮಳೆ ಹಿಡಿದರೆ ಸಾಕು, ಬೂಸಲು ಬಂದು ಬಣ್ಣ ಕೆಡುತ್ತದೆ, ಮಂಡಿಯಲ್ಲಿ ದರ ಇಳಿಯುತ್ತದೆ. ಆ ಮಳೆ ಯಾವ ಬಣ್ಣಕ್ಕೂ ಸಿಗುವುದಿಲ್ಲ. ಹಾಗಾಗಿ ನವೆಂಬರ್-ಡಿಸೆಂಬರಿನಲ್ಲಿ ನಾನು ಬಣ್ಣ ಬಿಟ್ಟು ಇನ್ಸಾಟ್ ಉಪಗ್ರಹದ ಮೋಡದ ಚಿತ್ರ ನೋಡುತ್ತೇನೆ. ತಮಿಳುನಾಡಿನ ಮೇಲೆ ಬಿಳಿ ಗುಪ್ಪೆ ಪಶ್ಚಿಮಕ್ಕೆ ಸರಿಯುತ್ತಿದ್ದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನಿಗೆ ಇನ್ನು ನಾಲ್ಕು ದಿನ ಬಿಟ್ಟು ಬಾ ಎನ್ನುತ್ತೇನೆ. ಕಾಯಿ ಮರದಲ್ಲಿ ನಾಲ್ಕು ದಿನ ಕಾಯುತ್ತದೆ, ಸುಲಿದು ಬೇಯಿಸಿದ್ದು ಕಾಯುವುದಿಲ್ಲ. ನೀವು ಫೋನ್ ಮಾಡುವುದಾದರೂ ಗೊನೆ ಇಳಿಸುವ ಮೊದಲೇ ಮಾಡಿ, ಹಂಡೆಗೆ ಬೆಂಕಿ ಹಾಕಿದ ಮೇಲಲ್ಲ.

ಮೇ-ಜೂನಿನಲ್ಲಿ ಲೆಕ್ಕ ಬೇರೆ. ಆಗ ಕೊಳೆ ರೋಗ ತಡೆಯಲು ಬೋರ್ಡೋ ಹೊಡೆಯುವ ತಯಾರಿ. ಮೈಲುತುತ್ತ-ಸುಣ್ಣದ ದ್ರಾವಣ ಗೊನೆಯ ಮೇಲೆ ಒಣಗಿ ಕೂರಲು ಮಳೆಬಿಡುವು ಬೇಕು. ಸಮುದ್ರದಲ್ಲಿ ವಾಯುಭಾರ ಕುಸಿತ ಎಂದ ಕೂಡಲೇ ಎರಡು ಮೂರು ದಿನದ ಮುನ್ಸೂಚನೆ ನೋಡಿಯೇ ಡ್ರಮ್ಮಿಗೆ ನೀರು ತುಂಬಿಸುವುದು ಒಳ್ಳೆಯದು. ಇಲಾಖೆಯ ನಕ್ಷೆಯಲ್ಲಿ ದಾರಿಯ ಗೆರೆಯ ಸುತ್ತ ಅಗಲವಾಗುತ್ತ ಹೋಗುವ ಪಟ್ಟಿ ಇರುತ್ತದಲ್ಲ, ಆ ಪಟ್ಟಿ ಪೂರ್ತಿ ಅನುಮಾನದ ಜಾಗ. ನಡುಗೆರೆಯನ್ನು ನಂಬಿ ಕೂರಬೇಡಿ.

ಬಿದ್ದ ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕ ನೋಡಿ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳಿವೆ, ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿಯೂ ಕೇಳಬಹುದು. ಒಂದು ವಿಷಯ ನೆನಪಿರಲಿ, ದಿನದ ಮಳೆ ಅಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗಿನದು. ಆಗುಂಬೆಯ ಅಂಕಿಯನ್ನು ತೀರ್ಥಹಳ್ಳಿ ಪೇಟೆಗೆ ಹಚ್ಚಬೇಡಿ, ನಡುವೆ ಅಜಗಜಾಂತರ.

ಅಲೆ ಎತ್ತರ, ಸಮುದ್ರ ಉಕ್ಕುವ ಎಚ್ಚರಿಕೆ ಇವೆಲ್ಲ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಕೊಡುವಂಥವು. ನಮ್ಮ ತೋಟಕ್ಕೆ ಬೇಕಿಲ್ಲ. ಕುಂದಾಪುರದ ಕಡೆ ದೋಣಿ ಇಟ್ಟುಕೊಂಡ ನೆಂಟರಿದ್ದರೆ ಅವರಿಗೆ ಕಳಿಸಿ.