ಪ್ರತಿಕ್ರಿಯೆ: ದೋಷದ ಇಶ್ಯೂ ಅಳಿಸಬೇಕಾ?

ದಾವಣಗೆರೆ ಅಡಿಕೆ ಮಂಡಿಗಳಿಗೆ ನೀವು ಬರೆದ ಓಪನ್ ಸೋರ್ಸ್ ಲೆಕ್ಕದ ತಂತ್ರಾಂಶದಲ್ಲಿ, ಲಿಂಕಿನಲ್ಲಿರುವ ಬಿಲ್ ನಂಬರ್ ಬದಲಿಸಿದರೆ ಇನ್ನೊಬ್ಬರ ಬಿಲ್ ತೆರೆಯುತ್ತದೆ ಅಂತ ಯಾರೋ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಶ್ಯೂ (ದೋಷದ ದೂರು) ಹಾಕಿದ್ದಾರೆ, ಅಳಿಸಲೇ ಎಂದು ಕೇಳಿದ್ದೀರಿ.

ಅಳಿಸಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ರೆಪೊ (ನಿಮ್ಮ ಕೋಡ್ ಇರುವ ಜಾಗ) ವಾಚ್ ಮಾಡುವವರಿಗೆ ಆ ಇಶ್ಯೂ ಇಮೇಲ್‌ನಲ್ಲಿ ಆಗಲೇ ಹೋಗಿರುತ್ತದೆ. ಗುಟ್ಟು ರಟ್ಟಾಗಿದೆ ಅಂದುಕೊಂಡೇ ಕೆಲಸ ಶುರು ಮಾಡಿ. ಬಿಲ್ ತೋರಿಸುವ ಮೊದಲು ಅದು ಲಾಗಿನ್ ಆದವರದ್ದೇನಾ ಅಂತ ಸರ್ವರ್‌ನಲ್ಲೇ ನೋಡಬೇಕು. ಬಟನ್ ಮರೆಮಾಡಿದರೆ ಸಾಲದು. ಅಲ್ಲಿಯವರೆಗೆ ಸರ್ವರ್ ಆಫ್ ಮಾಡಿ ಅಂತ ಮಂಡಿಯವರಿಗೆ ಫೋನ್ ಮಾಡಿ. ಬೈಯುತ್ತಾರೆ, ಬೈಯಲಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ವಲ್ನರಬಿಲಿಟಿ ರಿಪೋರ್ಟಿಂಗ್ (ಭದ್ರತಾ ದೋಷವನ್ನು ನಿಮಗೆ ಗುಟ್ಟಾಗಿ ತಿಳಿಸುವ ದಾರಿ) ಆನ್ ಮಾಡಿ. ಅಡ್ವೈಸರಿ (ದೋಷದ ಬಗ್ಗೆ ಬಳಕೆದಾರರಿಗೆ ಎಚ್ಚರಿಕೆ ಸೂಚನೆ) ಬರೆದು ಅಲ್ಲಿಂದಲೇ ಸಿವಿಇ ನಂಬರ್ (ಬಯಲಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಕೇಳಬಹುದು, ದುಡ್ಡೇನೂ ಇಲ್ಲ. ವರದಿ ಮಾಡಿದವರ ಮೇಲೆ ಸುಮ್ನೆ ಸಿಟ್ಟಾಗಬೇಡಿ. ಗುಟ್ಟಾಗಿ ಹೇಳುವ ದಾರಿಯೇ ಇರಲಿಲ್ಲ ಅಲ್ವಾ? ಒಪ್ಪಿದರೆ ಅಡ್ವೈಸರಿಯಲ್ಲಿ ಅವರ ಹೆಸರೂ ಹಾಕಿ.